ಐವತ್ತು ನಿಮಿಷದ ಬಿಸಿಲಿಗೆ ಹದಿನಾಲ್ಕು ಕುಂಡ

ನಮ್ಮ ಮನೆಗೆ ಬಿಸಿಲು ಬರುವುದು ದಿನಕ್ಕೆ ಐವತ್ತು ನಿಮಿಷ. ಬೆಳಗ್ಗೆ ಎಂಟು ಐದಕ್ಕೆ ಆಗಮನ, ಎಂಟು ಐವತ್ತೈದಕ್ಕೆ ನಿರ್ಗಮನ. ನಾನು ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ (ಸಂಬಳದ ಚೀಟಿಯಲ್ಲಿ ‘ಸಂಚಾರ ನಿಯಂತ್ರಕ’ ಎಂದಿದೆ, ಮನೆಯಲ್ಲಿ ಯಾರ ಸಂಚಾರವೂ ನನ್ನ ನಿಯಂತ್ರಣದಲ್ಲಿಲ್ಲ). ಆದ್ದರಿಂದ ಸಮಯದ ವಿಷಯದಲ್ಲಿ ನನ್ನ ಮಾತು ನಂಬಬಹುದು. ನಮ್ಮದು ನಾಲ್ಕಂತಸ್ತಿನ ಕಟ್ಟಡದ ನೆಲಮಹಡಿ. ಹಿಂಬಾಗಿಲ ಆಚೆ, ಕಾಂಪೌಂಡ್ ಗೋಡೆಯ ತನಕ, ಎಂಟಡಿಗೆ ಆರಡಿ ಸಿಮೆಂಟು ನೆಲವಿದೆ. ಮನೆ ಮಾರಿದವನು ಅದನ್ನು ‘ಪ್ಯಾಟಿಯೋ’ ಎಂದ. ನನ್ನ ಹೆಂಡತಿ ‘ಬಟ್ಟೆ ಒಣಹಾಕೋ ಜಾಗ’ ಎನ್ನುತ್ತಾಳೆ. ಆ ಬಿಸಿಲು ಅಲ್ಲಿ ಸರಿಯಾಗಿ ಒಂದು ಕುರ್ಚಿಯಷ್ಟು ಅಗಲಕ್ಕೆ ಬೀಳುತ್ತದೆ. ಹನ್ನೊಂದು ವರ್ಷದಿಂದ ಆ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದವನು ನಾನು.

ಹೀಗಿರುವಾಗ ನಮ್ಮ ಅತ್ತೆಯವರು ಮಂಡಿ ಆಪರೇಷನ್ ಮಾಡಿಸಿಕೊಂಡು, ಹದಿನೈದು ದಿನ ಸುಧಾರಿಸಿಕೊಳ್ಳಲು ಮಗಳ ಮನೆಗೆ ಬಂದರು. ಮಂಡಿಗೆ ಎಳೆಬಿಸಿಲು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರಂತೆ. ಮರುದಿನ ಪೇಪರ್ ಹಿಡಿದು ಹೋಗಿ ನೋಡಿದರೆ ಕುರ್ಚಿಯ ಮೇಲೆ ಅತ್ತೆ, ಅತ್ತೆಯ ಮಂಡಿಯ ಮೇಲೆ ನನ್ನ ಬಿಸಿಲು. ಅವರೇನು ಕೆಟ್ಟವರಲ್ಲ, ತುಂಬ ಒಳ್ಳೆಯವರು. ತೊಂದರೆ ಅದೇ, ಕೆಟ್ಟವರಾಗಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ಹದಿನೈದು ದಿನ ಹೋಗಿ ಅರವತ್ತು ದಿನವಾಯಿತು. ಟ್ಯೂಬ್‌ಲೈಟಿನ ಕೆಳಗೆ ಪೇಪರ್ ಓದಿ ಓದಿ ನನಗೆ ಒಳ್ಳೆಯ ಸುದ್ದಿಯೂ ಸಾವಿನ ಸುದ್ದಿಯಂತೆ ಕಾಣತೊಡಗಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಉಪಾಯವೊಂದು ಡ್ಯೂಟಿಯಲ್ಲಿದ್ದಾಗ ಹೊಳೆಯಿತು. ಆ ಜಾಗದ ತುಂಬ ಕುಂಡಗಳನ್ನು ಇಟ್ಟುಬಿಟ್ಟರೆ ಕುರ್ಚಿಗೆ ಜಾಗವಿಲ್ಲ. ಕುರ್ಚಿಯಿಲ್ಲದಿದ್ದರೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಅತ್ತೆ ಊರಿಗೆ. ಅವರು ಹೋದ ಮೇಲೆ ಗಿಡಗಳು ತಾವಾಗಿಯೇ ಒಣಗುತ್ತವೆ, ನಾನು ಕುರ್ಚಿಗೆ ಮರಳುತ್ತೇನೆ.

"ಇನ್ಮೇಲೆ ವಿಷ ಹೊಡೆದ ತರಕಾರಿ ನಮ್ಮನೇಲಿ ಬೇಡ," ಎಂದು ಶನಿವಾರ ಘೋಷಿಸಿದೆ. "ಹಿಂದ್ಗಡೆ ಸಾವಯವ ತೋಟ ಮಾಡ್ತೀನಿ."

ಹೆಂಡತಿ ಟವೆಲ್ ಹಿಂಡುತ್ತಿದ್ದಳು. "ಯಾರು, ನೀವಾ? ಪ್ಲಾಸ್ಟಿಕ್ ಗಿಡಕ್ಕೆ ಎರಡು ವರ್ಷ ನೀರು ಹಾಕಿದೋರು?"

"ಅದನ್ನ ಅಷ್ಟು ಚೆನ್ನಾಗಿ ಮಾಡಿದ್ರು ಕಣೇ."

"ಬಟ್ಟೆ ಎಲ್ಲಿ ಒಣಗಿಸ್ಲಿ?"

"ಭೂಮಿತಾಯಿ ಆರೋಗ್ಯದ ಮುಂದೆ ನಮ್ಮ ಬಟ್ಟೆ ಯಾವ ಲೆಕ್ಕ?"

"ಹಾಗಾದ್ರೆ ನಾಳೆಯಿಂದ ಒದ್ದೆ ಪ್ಯಾಂಟಲ್ಲೇ ಡ್ಯೂಟಿಗೆ ಹೋಗಿ," ಎಂದು ಟವೆಲನ್ನು ನನ್ನ ಕೈಗೇ ಕೊಟ್ಟು ಹೋದಳು. ನಾನು ಇದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಭಾನುವಾರ ಬೆಳಗ್ಗೆ ಹದಿನಾಲ್ಕು ಕುಂಡ, ಆರು ಮೂಟೆ ಮಣ್ಣು, ಬೀಜದ ಪೊಟ್ಟಣಗಳು ಗಾಡಿಯಲ್ಲಿ ಬಂದಿಳಿದವು. ಅತ್ತೆಯ ಮುಖ ಸಣ್ಣದಾಗುತ್ತದೆ ಎಂದು ಕಾದೆ. ಅವರ ಕಣ್ಣಲ್ಲಿ ನೀರು ಬಂತು.

"ಅಳಿಯಂದ್ರೇ," ಎಂದರು, "ಮೊನ್ನೆ ಊಟ ಮಾಡ್ತಾ ನಾನು ‘ಮಣ್ಣು ಮುಟ್ಟಿ ಎಷ್ಟು ದಿನ ಆಯ್ತು’ ಅಂದಿದ್ದನ್ನ ನೆನಪಿಟ್ಕೊಂಡಿದೀರಾ? ಹೆತ್ತ ಮಕ್ಕಳೂ ಹೀಗೆ ಮಾಡಲ್ಲ."

ನನಗೆ ಅವರು ಹಾಗೆ ಹೇಳಿದ್ದೇ ಗೊತ್ತಿರಲಿಲ್ಲ (ಊಟ ಮಾಡುವಾಗ ನಾನು ಊಟವನ್ನಷ್ಟೇ ಮಾಡುತ್ತೇನೆ). ನೋಡುನೋಡುತ್ತಿದ್ದಂತೆ ಅತ್ತೆ ಸೆರಗು ಸಿಕ್ಕಿಸಿಕೊಂಡು, ಕುರ್ಚಿಯನ್ನು ತಾವೇ ಎತ್ತಿಸಿ ಮೆಟ್ಟಿಲ ಕೆಳಗೆ ಇಡಿಸಿದರು. ಎತ್ತಿದವನು ನಾನೇ. ಟೊಮೆಟೊ, ಬೀನ್ಸ್, ಮೆಣಸಿನಕಾಯಿ, ಬದನೆ, ಎಲ್ಲವನ್ನೂ ಮಧ್ಯಾಹ್ನದೊಳಗೆ ಬಿತ್ತಿಬಿಟ್ಟರು.

ಆದರೂ ಎದೆಗುಂದಲಿಲ್ಲ. ನನ್ನ ಎರಡನೆಯ ಅಸ್ತ್ರ ಗೊಬ್ಬರ. ತರಕಾರಿ ಸಿಪ್ಪೆ, ಕೊಳೆತ ಹಣ್ಣು, ಹುಳಿ ಮಜ್ಜಿಗೆ ಇವನ್ನು ಡ್ರಮ್ಮಿಗೆ ಸುರಿದು ಮುಚ್ಚಿಟ್ಟೆ. ಒಂಬತ್ತನೆಯ ದಿನ ಮುಚ್ಚಳ ತೆಗೆದಾಗ ಹೊರಟ ವಾಸನೆಗೆ ನಾನು ತಿಂದ ತಿಂಡಿಯನ್ನು ಗೊಬ್ಬರಕ್ಕೇ ಸೇರಿಸುವುದರಲ್ಲಿದ್ದೆ. ಅತ್ತೆ ಡ್ರಮ್ಮಿನ ಮೇಲೆ ಬಗ್ಗಿ ಮೂಗು ಅರಳಿಸಿ, "ಇನ್ನೆರಡು ದಿನ ಬಿಟ್ರೆ ಹದಕ್ಕೆ ಬರುತ್ತೆ," ಎಂದರು. ಮೇಲಿನ ಮನೆಯ ಹಲ್ಲಿನ ಡಾಕ್ಟರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಜಗಳಕ್ಕೆಂದೇ ಇಳಿದು ಬಂದರು. ನನಗೆ ಜೀವ ಬಂದಂತಾಯಿತು. ನಾನು ಹೇಳಲಾರದ್ದನ್ನು ಇವರಾದರೂ ಹೇಳಲಿ. ಅತ್ತೆ ಅವರನ್ನು ಹತ್ತು ನಿಮಿಷ ಮಾತಾಡಿಸಿದರು. ವಾಪಸು ಹೋಗುವಾಗ ಡಾಕ್ಟರ ಕೈಯಲ್ಲಿ ಒಂದು ಬಾಟಲಿ ಗೊಬ್ಬರದ ನೀರಿತ್ತು, ಗುಲಾಬಿಗೆ ಹಾಕುತ್ತಾರಂತೆ.

ಕೊನೆಗೆ ನಾನು ಓದಿದ ವಿದ್ಯೆಯನ್ನೇ ಪ್ರಯೋಗಿಸಿದೆ. ಬಿಸಿಲಿಗೆ ಟೈಮ್ ಟೇಬಲ್ ಹಾಕಿದೆ. ಐವತ್ತು ನಿಮಿಷ, ಹದಿನಾಲ್ಕು ಕುಂಡ, ತಲಾ ಮೂರೂವರೆ ನಿಮಿಷ. ಕುಂಡಗಳ ಕೆಳಗೆ ಚಕ್ರದ ಹಲಗೆ ಹಾಕಿಸಿ, ಒಂದು ಕುಂಡ ಬಿಸಿಲು ಕುಡಿದು ಹೊರಟ ಕೂಡಲೇ ಮುಂದಿನದು ಬಂದು ನಿಲ್ಲಬೇಕು ಎಂದು ಗೋಡೆಗೆ ಪಟ್ಟಿ ಅಂಟಿಸಿದೆ. "ಅತ್ತೆ, ಪಾಪ, ನಿಮ್ಮ ಕೈಲಿ ಇದೆಲ್ಲ ಆಗಲ್ಲ, ಬಿಟ್ಟುಬಿಡಿ," ಎಂದು ಕಳಕಳಿಯಿಂದಲೂ ಹೇಳಿದೆ. ಮಂಡಿ ನೋಯುವವರನ್ನು ಹೀಗೆ ದಣಿಸಲು ಹೊರಟಿದ್ದು ನೀಚತನವೇ. ಒಪ್ಪಿಕೊಳ್ಳುತ್ತೇನೆ. ಆದರೆ ನೀವೂ ಅರವತ್ತು ದಿನ ಟ್ಯೂಬ್‌ಲೈಟಿನಲ್ಲಿ ಪೇಪರ್ ಓದಿ ನೋಡಿ, ಆಮೇಲೆ ಮಾತಾಡೋಣ.

ಅತ್ತೆ ಬಿಡಲಿಲ್ಲ. ನನ್ನ ನಿಲ್ದಾಣದ ಬಸ್ಸುಗಳು ಜನ್ಮದಲ್ಲಿ ಪಾಲಿಸದ ವೇಳೆಯನ್ನು ಅವರ ಬದನೆ ಗಿಡ ಪಾಲಿಸಿತು. ಮೂರೂವರೆ ನಿಮಿಷ ಸಾಲದೆಂದು ಬೀರುವಿನ ಕನ್ನಡಿ ಬಿಚ್ಚಿಸಿ, ಅಡುಗೆಮನೆಯ ಸ್ಟೀಲ್ ತಟ್ಟೆಗಳನ್ನೆಲ್ಲ ಗೋಡೆಗೆ ಒರಗಿಸಿ, ಬಿಸಿಲನ್ನು ಮೂಲೆ ಮೂಲೆಗೂ ತಿರುಗಿಸಿದರು. ನಾನು ಅಂದಾಜಿನ ಮೇಲೆ ಗಡ್ಡ ಹೆರೆದುಕೊಂಡು, ಬಟ್ಟಲಲ್ಲಿ ಊಟ ಮಾಡಿ ಡ್ಯೂಟಿಗೆ ಹೋಗತೊಡಗಿದೆ. ತಿಂಗಳು ಕಳೆದು ಆಪರೇಷನ್ ಮಾಡಿದ ಡಾಕ್ಟರಿಗೆ ಮಂಡಿ ತೋರಿಸಿದರೆ, "ಏನು ವ್ಯಾಯಾಮ ಮಾಡ್ತೀರಿ? ಪೂರ್ತಿ ಗುಣ ಆಗಿದೆ," ಎಂದರಂತೆ.

ಕೇಳಿ ನನಗಾದ ಆನಂದ ಅಷ್ಟಿಷ್ಟಲ್ಲ. ಮಂಡಿ ಗುಣವಾದ ಮೇಲೆ ಅತ್ತೆಗೆ ಇಲ್ಲೇನು ಕೆಲಸ? ಊರಲ್ಲಿ ಒಬ್ಬರೇ ಇದ್ದ ನಮ್ಮ ಮಾವನವರಿಗೆ, ನಿವೃತ್ತ ಗಣಿತದ ಮೇಷ್ಟ್ರು ಅವರು, ಗುಟ್ಟಾಗಿ ಫೋನ್ ಮಾಡಿದೆ.

"ಮಾವ, ಅತ್ತೆಗೆ ಪೂರ್ತಿ ಗುಣ ಆಗಿದೆ. ಬಂದು ಕರ್ಕೊಂಡು ಹೋಗಿ."

"ಬರ್ತೀನಿ, ಬರ್ತೀನಿ," ಎಂದರು ಮಾವ. "ನನಗೂ ನಾನೇ ಮಾಡಿದ ಅಡುಗೆ ತಿಂದು ಸಾಕಾಗಿದೆ."

ಒಂದು ಜೊತೆ ಬಟ್ಟೆಯ ಸಣ್ಣ ಚೀಲ ಹಿಡಿದು ಶುಕ್ರವಾರ ಬಂದರು. ಅತ್ತೆ ಅವರನ್ನು ನೇರವಾಗಿ ಹಿಂದಕ್ಕೆ ಕರೆದೊಯ್ದು, "ನೋಡಿ, ಟೊಮೆಟೊ ಹೂ ಬಿಟ್ಟಿದೆ. ಬಸುರಿ ಹೆಂಗಸನ್ನ ಬಿಟ್ಟು ಹೊರಟ ಹಾಗಾಗುತ್ತೆ, ಈಗ ಹೇಗೆ ಬರ್ಲಿ?" ಎಂದರು. ಮಾವ ಗಿಡ ನೋಡಲಿಲ್ಲ, ಗೋಡೆಯ ಪಟ್ಟಿಯ ಮುಂದೆ ನಿಂತುಬಿಟ್ಟರು.

"ಇದನ್ನ ಹಾಕಿದ್ದು ಯಾರು?"

"ನಾನೇ ಮಾವ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಐವತ್ತನ್ನ ಹದಿನಾಲ್ಕರಿಂದ ಭಾಗಿಸಿದ್ರೆ ಮೂರೂವರೆ ಎಲ್ಲಿ ಬರುತ್ತೆ? ಮೂರು ನಿಮಿಷ ಮೂವತ್ತನಾಲ್ಕು ಸೆಕೆಂಡು. ದಿನಾ ಒಂದು ನಿಮಿಷ ಬಿಸಿಲು ಪೋಲು ಮಾಡ್ತಿದೀರಲ್ಲ." ಶರ್ಟಿನ ತೋಳು ಮಡಿಸಿದರು. "ಪೆನ್ನು ಕೊಡಿ."

ಇದು ಹತ್ತು ದಿನದ ಹಿಂದಿನ ಮಾತು. ನಿನ್ನೆ ಊರಿಂದ ಮಾವನವರ ದೊಡ್ಡ ಟ್ರಂಕ್ ಬಂತು. ಅದನ್ನು ನಮ್ಮ ಮಂಚದ ಕೆಳಗೆ ತಳ್ಳಿ, ಬಚ್ಚಲಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿಯ ಹತ್ತಿರ ಹೋಗಿ ನಿಂತೆ.

"ನೀವು ಎಷ್ಟು ಒಳ್ಳೆಯವರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ," ಎಂದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತು. ಏನೋ ಕಾದಿದೆ ಎಂದುಕೊಂಡೆ. "ನೀವು ಕುಂಡ ತಂದ್ರಲ್ಲ, ಆ ಭಾನುವಾರ ಅಮ್ಮ ಬ್ಯಾಗ್ ಕಟ್ಟಿ ಇಟ್ಟಾಗಿತ್ತು."

"ಯಾಕೆ?"

"ಊರಿಗೆ ಹೊರಟಿದ್ರು. ಐದೂ ನಲವತ್ತರ ಬಸ್ಸಿಗೆ ಸೀಟೂ ಮಾಡಿಸಿದ್ವಿ. ಅಳಿಯಂದ್ರಿಗೆ ಬೇಜಾರಾಗುತ್ತೆ, ಊಟ ಆಗೋವರೆಗೂ ಹೇಳ್ಬೇಡ ಅಂದಿದ್ರು. ಅಷ್ಟರಲ್ಲಿ ನೀವು ಗಾಡಿ ತುಂಬ ಕುಂಡ ತಂದ್ರಿ. ಅಮ್ಮ ಬ್ಯಾಗ್ ಬಿಚ್ಚಿಬಿಟ್ರು."

ಆ ಐದೂ ನಲವತ್ತರ ಬಸ್ಸನ್ನು ಅವತ್ತು ಸಂಜೆ, ಎರಡನೇ ಪಾಳಿಯಲ್ಲಿ, ಸೀಟಿ ಊದಿ ಹೊರಡಿಸಿದವನು ನಾನೇ. ಒಂದು ಸೀಟು ಖಾಲಿ ಇದೆ ಎಂದು ಕಂಡಕ್ಟರು ಹೇಳಿದಾಗ, "ಯಾರ ದುರದೃಷ್ಟವೋ," ಎಂದು ನಕ್ಕಿದ್ದೆ ಕೂಡ. ಹಿಂದುಗಡೆಯಿಂದ ಮಾವನವರ ದನಿ ಕೇಳಿಸಿತು, "ಅಳಿಯಂದ್ರೇ, ಬೀನ್ಸ್‌ಗೆ ಒಂದು ಬಕೆಟ್ ನೀರು ಬೇಕಿತ್ತಲ್ಲ."

ಬಕೆಟ್ ತುಂಬಿಸಿಕೊಂಡು ಹೋದೆ.