ಮಾವನ ಮಡಚುವ ಪಾಯಖಾನೆ

ನನ್ನ ಸೋದರಮಾವನಷ್ಟು ಮರ್ಯಾದಸ್ಥ ಮನುಷ್ಯ ಇಡೀ ಗೋವೆಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಬಗಲಲ್ಲಿ ಪಾಯಖಾನೆ ಇಟ್ಟುಕೊಂಡು ಬಸ್ ಹತ್ತಿದ ಮನುಷ್ಯನೂ ಅವನೊಬ್ಬನೇ ಆದ್ದರಿಂದ ನನ್ನ ಆಣೆಯನ್ನು ಯಾರೂ ನಂಬುವುದಿಲ್ಲ. ನೀವೂ ಈಗಲೇ ನಂಬಬೇಡಿ. ಮೊದಲು ಪೂರ್ತಿ ಕೇಳಿ.

ಸಡಾದ ಗುಡ್ಡದ ಮೇಲೆ ನಮ್ಮ ಮನೆ. ಅದರ ಗೋಡೆಗೆ ಗೋಡೆ ಹಚ್ಚಿ ಮಾವನ ಮನೆ. ಕೆಳಗೆ ಬಂದರು. ಅಲ್ಲಿ ಹಡಗು ದುರಸ್ತಿ ಮಾಡುವ ಕಡೆ ಮಾವ ವೆಲ್ಡಿಂಗ್ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು. ಹಗಲೆಲ್ಲ ಹಡಗುಗಳ ಹೊಟ್ಟೆಯೊಳಗೆ ಧಾರಾಳವಾಗಿ ಓಡಾಡಿ, ಸಂಜೆ ಒಂದೂವರೆ ಕೋಣೆಯ ಮನೆಗೆ ಬಂದರೆ ಯಾರಿಗಾದರೂ ಉಸಿರು ಕಟ್ಟುವುದಿಲ್ಲವೇ? ಅದಕ್ಕೆ ಮಾವ ಕಂಡುಕೊಂಡ ಉಪಾಯವೇ ಮಡಚುವುದು. ಮಂಚ ಮಡಚಿ ಗೋಡೆಗೆ. ಊಟದ ಮೇಜು ಮಡಚಿ ಬಾಗಿಲ ಹಿಂದೆ. ಏಣಿ ಮಡಚಿ ಮಂಚದ ಕೆಳಗೆ. ಮಂಚ ಗೋಡೆಗೆ ಹೋದಾಗ ಏಣಿ ಎಲ್ಲಿರುತ್ತದೆ ಎಂದು ಮಾತ್ರ ಕೇಳಬೇಡಿ, ಅತ್ತೆ ಅದನ್ನು ಕೇಳಿ ಕೇಳಿ ಸೋತಿದ್ದಾಳೆ! ತುಳಸಿ ಕಟ್ಟೆಗೂ ಕೀಲು ಕೂಡಿಸಿದ್ದ. ಪೂಜೆ ಮುಗಿದದ್ದೇ ತಡ, ತುಳಸವ್ವ ಅರ್ಧ ಸುತ್ತು ತಿರುಗಿ ಕಿಟಕಿಯ ಹೊರಗೆ ಹೋಗಿ ನಿಲ್ಲುತ್ತಿದ್ದಳು.

ನನ್ನನ್ನು ನೋಡಲು ಗಂಡಿನವರು ಬಂದಾಗ ನಮ್ಮ ಮನೆಯಲ್ಲಿ ಕುರ್ಚಿ ಸಾಲದೆ ಮಾವನ ಮನೆಯಿಂದ ಒಂದು ತಂದಿದ್ದೆವು. ಬೀಗರಾಗಬೇಕಾಗಿದ್ದವರು ಅದರಲ್ಲಿ ಕೂತು ಅವಲಕ್ಕಿಯ ತಾಟಿಗೆ ಕೈ ಚಾಚಿದರು. ಕುರ್ಚಿ ಅವರನ್ನು ಒಳಗಿಟ್ಟುಕೊಂಡೇ ಮಡಚಿಕೊಂಡಿತು. ಸಂಬಂಧವೂ ಅಲ್ಲಿಗೇ ಮಡಚಿಕೊಂಡಿತು. ಹುಡುಗ ನನಗೂ ಹಿಡಿಸಿರಲಿಲ್ಲ, ಹೀಗಾಗಿ ಆ ಕುರ್ಚಿಗೆ ನಾನು ಇವತ್ತಿಗೂ ಋಣಿ.

ಆ ಮನೆಯಲ್ಲಿ ಮಡಚಲು ಬಾರದ ವಸ್ತು ಒಂದೇ ಒಂದು. ಅತ್ತೆಯ ಮೊಣಕಾಲು.

ಕಲಂಗುಟ್‌ನ ದೊಡ್ಡ ದೊಡ್ಡ ಹೋಟೆಲುಗಳ ಮೆಟ್ಟಿಲುಗಳನ್ನು ಯಾವ ಪ್ರವಾಸಿಗಿಂತಲೂ ಮೊದಲು ಹತ್ತಿದವಳು ನನ್ನ ಅತ್ತೆ, ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು. ವರ್ಷಗಟ್ಟಲೆ ಹತ್ತಿ ಇಳಿದು ಮೊಣಕಾಲುಗಳು ಕೊನೆಗೆ ಬಗ್ಗುವುದನ್ನೇ ನಿಲ್ಲಿಸಿದವು. ಮನೆಯಲ್ಲಿ ಮಾವ ಕುರ್ಚಿಯಂತೆ ಕೂರುವ ಕಮೋಡ್ ಹಾಕಿಸಿದ್ದ. ಆದರೆ ಹೊರಗೆ? ದಾರಿಯಲ್ಲಿ? ಊರಲ್ಲಿ? ನಾಲ್ಕು ವರ್ಷಗಳಿಂದ ಅತ್ತೆ ಸಡಾದ ಗುಡ್ಡ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಅಷ್ಟರಲ್ಲಿ ಸಿಂದಗಿ ಕಡೆಯ ಹಳ್ಳಿಯಿಂದ ಅತ್ತೆಯ ಅಕ್ಕನ ಫೋನ್ ಬಂತು. ಅಕ್ಕನ ಮಗಳಿಗೆ ಕುಬುಸ. ಅತ್ತೆಗೆ ಮಕ್ಕಳಿಲ್ಲ. ಆ ಹುಡುಗಿ ಶಾಲೆಗೆ ಸೇರುವವರೆಗೆ ಸಡಾದಲ್ಲೇ, ಅತ್ತೆಯ ಸೊಂಟದ ಮೇಲೆಯೇ ಬೆಳೆದವಳು. ಚೊಚ್ಚಲ ಬಸುರಿಯ ಉಡಿ ತುಂಬಲು ಚಿಕ್ಕವ್ವ ಬರದಿದ್ದರೆ ಹೇಗೆ? ಅತ್ತೆ ಫೋನಿನಲ್ಲಿ, "ಇವ್ರಿಗೆ ರಜಾ ಸಿಗೂದಿಲ್ಲವ್ವಾ" ಎಂದಳು. ಫೋನ್ ಇಟ್ಟ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಳು.

"ರಜಾ ಸಿಗ್ತೈತಿ," ಎಂದ ಮಾವ. "ಸುಳ್ಳ ಯಾಕ ಹೇಳಿದಿ?"

"ಮತ್ತೇನ್ ಹೇಳ್ಲಿ? ಅಲ್ಲಿ ಕುಕ್ಕರಗಾಲಿಲೆ ಕುಂಡ್ರೂದು ನನ್ನ ಕಡಿಂದ ಆಗೂದಿಲ್ಲ ಅಂತ ಊರಿಗೆಲ್ಲಾ ಡಂಗುರಾ ಸಾರ್ಲೇನು?"

ಮಾವ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಚಿತ್ರ ಬರೆಯತೊಡಗಿದ. ಹರಿದದ್ದು ಇನ್ನೂ ನಡೆಯುತ್ತಿದ್ದ ತಿಂಗಳನ್ನು! ಗಟ್ಟಿ ಇರಬೇಕು, ಹಗುರ ಇರಬೇಕು, ಮಡಚಿದರೆ ಸೂಟ್‌ಕೇಸ್ ಆಗಬೇಕು. ಕೆಳಗೊಂದು ದಪ್ಪ ಚೀಲ, ಅದರಲ್ಲಿ ಹಿಡಿ ಹಿಡಿ ಮರದ ಪುಡಿ. ಸುತ್ತ ಪರದೆ.

ಮೊದಲ ಮಾದರಿ ಸಿದ್ಧವಾದ ದಿನ ಅತ್ತೆ, "ನಾ ಸತ್ರೂ ಅದರ ಮ್ಯಾಲ ಕುಂಡ್ರೂದಿಲ್ಲ" ಎಂದು ಕದ ಹಾಕಿಕೊಂಡಳು. ಪರೀಕ್ಷೆಗೆ ಒಳ್ಳೆಯ ತೂಕದ ಮನುಷ್ಯ ಬೇಕಲ್ಲ? ಪಕ್ಕದ ಮನೆಯಲ್ಲಿ ಒಬ್ಬ ಗೋವೆಯ ಅಂಕಲ್ ಇದ್ದರು. ಹಡಗಿನಲ್ಲಿ ಅಡುಗೆಯವರಾಗಿದ್ದವರು. ಮಾಡಿದ ಅಡುಗೆಯನ್ನು ಹಡಗಿನವರು ಉಣ್ಣುತ್ತಿರಲಿಲ್ಲವೇನೋ ಎಂಬಂಥ ಶರೀರ.

"ಕಿತೆಂ ರೆ ಹೆಂ?" ಇದೇನಯ್ಯಾ ಎಂದು ಅಂಕಲ್ ಕೊಂಕಣಿಯಲ್ಲಿ ಕೇಳಿದರು.

"ಹಂಗ ಸುಮ್ನ ಕುಂಡ್ರಿ ಅಂಕಲ್. ಪ್ಯಾಂಟ್ ಇರ್ಲಿ. ಪೇಪರ್ ಓದ್ರಿ."

ಓಣಿಯ ನಡುವೆ ಅಂಕಲ್ ರಾಜನಂತೆ ಕೂತು ಪೇಪರ್ ಬಿಡಿಸಿದರು. ಇಡೀ ಓಣಿ ಕೆಲಸ ಬಿಟ್ಟು ಸುತ್ತ ನಿಂತಿತು. ಮೊದಲ ಪುಟ ಕ್ಷೇಮವಾಗಿ ಮುಗಿಯಿತು. ಎರಡನೆಯದೂ ಮುಗಿಯಿತು. ಕ್ರೀಡಾಪುಟಕ್ಕೆ ಬಂದು ಅಂಕಲ್ ಉತ್ಸಾಹದಿಂದ ಸ್ವಲ್ಪ ಮುಂದೆ ಬಾಗಿದ್ದೇ, ಖಟಕ್! ಕಾಲುಗಳು ಒಳಗೆ ಸರಿದವು, ಬೆನ್ನು ಮುಂದೆ ಬಂತು, ಸೂಟ್‌ಕೇಸಿನ ಒಂದು ಕಡೆಯಿಂದ ಅಂಕಲ್‌ರ ತಲೆ, ಇನ್ನೊಂದು ಕಡೆಯಿಂದ ಅಂಕಲ್‌ರ ಬೂಟು. ಬಿಚ್ಚುವ ಚಿಲಕ ಎಲ್ಲಿತ್ತು? ಅಂಕಲ್‌ರ ಕೆಳಗೆ!

ಮಾವ ಕೈಗಡಿಯಾರ ನೋಡಿಕೊಂಡು ಹಿಗ್ಗಿ ಹೀರೇಕಾಯಿಯಾದ. "ಮಡಚಾಕ ಬರೇ ಮೂರ ಸೆಕೆಂಡ್!"

ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಅಂಕಲ್ ಎದ್ದು ನಿಂತು ಸೊಂಟ ನೀವಿಕೊಂಡು ಒಂದೇ ಪ್ರಶ್ನೆ ಕೇಳಿದರು, ಯಾರು ಗೆದ್ದರೆಂದು. ಕ್ರೀಡಾಪುಟ ಇನ್ನೂ ಯಂತ್ರದೊಳಗೇ ಸಿಕ್ಕಿಕೊಂಡಿತ್ತು.

ಎರಡನೆಯ ಮಾದರಿಯನ್ನು ಮಾವ ಹಡಗಿನ ಹಳೆಯ ತಗಡಿನಿಂದ ಮಾಡಿದ. ಗಟ್ಟಿ ಎಂದರೆ ಆನೆ ಕೂತರೂ ಅದು ಕಮಕ್ ಕಿಮಕ್ ಅನ್ನುವಂತಿರಲಿಲ್ಲ. ಎತ್ತಲು ಮಾತ್ರ ನಾಲ್ಕು ಜನ ಬೇಕು. ಓಣಿಯ ಬಾಯಿಯವರೆಗೆ ಹೊತ್ತು ತಂದವರು ಅಲ್ಲೇ ಕೈಬಿಟ್ಟು ಚಹಾ ಕುಡಿಯಲು ಹೋದರು, ತಿರುಗಿ ಬರಲಿಲ್ಲ. ಅದು ಈಗಲೂ ಅಲ್ಲೇ ಇದೆ. ಜನ ಅದರ ಮೇಲೆ ಕೂತು ಬಸ್ಸಿಗೆ ಕಾಯುತ್ತಾರೆ. ಅದು ಏನೆಂದು ಹೊಸಬರಿಗೆ ನಾವು ಹೇಳುವುದಿಲ್ಲ.

ಮೂರನೆಯದಕ್ಕೆ ಹಗುರವಾದ ಸಾಮಾನು ಬೇಕಾಯಿತು. ಕಲಂಗುಟ್‌ನ ಸಮುದ್ರದಂಡೆಯ ಒಂದು ಹೋಟೆಲಿನಲ್ಲಿ ನಮ್ಮ ಕಡೆಯ ಅಡುಗೆಯವನೊಬ್ಬನಿದ್ದ. ಮುರಿದ ಆರಾಮ ಕುರ್ಚಿಗಳ ಅಲ್ಯುಮಿನಿಯಂ ಕೊಳವೆಗಳನ್ನೂ ಹರಿದ ದೊಡ್ಡ ಕೊಡೆಯ ಬಟ್ಟೆಯನ್ನೂ ಅವನು ಮಾವನಿಗೆ ಕೊಟ್ಟ. ಬಟ್ಟೆ ಭರ್ಜರಿಯಾಗಿತ್ತು. ತೆಂಗಿನ ಮರ, ಮುಳುಗುವ ಸೂರ್ಯ, ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಹ್ಯಾಪಿ ಅವರ್, ನಾಲ್ಕರಿಂದ ಏಳು', ಅಂದರೆ ಆ ಹೊತ್ತಿನಲ್ಲಿ ಬಿಯರು ಅಗ್ಗ. ಮಾವನಿಗೆ ಇಂಗ್ಲಿಷ್ ಬಾರದು. ಮೂರು ದಿನ ಕೂತು ಹೊಲಿದು ಪರದೆ ಮಾಡಿದ. ನಾನು ಓದಿ ಹೇಳಲಿಲ್ಲ. ಹೇಳುವ ಧೈರ್ಯವಾಗಲಿಲ್ಲ.

ಸಡಿಲ ನೆಲದಲ್ಲಿ ನಿಲ್ಲುವುದೋ ಇಲ್ಲವೋ ನೋಡಬೇಕೆಂದು ಮಾವ ಅದನ್ನು ಮರಳಿನ ಮೇಲೆಯೇ, ಒಂದು ಭಾನುವಾರ ಮಧ್ಯಾಹ್ನ ಕಲಂಗುಟ್‌ನಲ್ಲಿ ನಿಲ್ಲಿಸಿದ. ಹತ್ತು ನಿಮಿಷದಲ್ಲಿ ಎದುರು ಪ್ರವಾಸಿಗಳ ಸಾಲು! ಹ್ಯಾಟು ಹಾಕಿದ ಒಬ್ಬ ಬಿಳಿಯ ಅಜ್ಜಿ ಪರದೆಯ ಅಕ್ಷರ ತೋರಿಸಿ, ಗಡಿಯಾರ ತೋರಿಸಿ, ಒಳಗೆ ಏನು ಸಿಗುತ್ತದೆ ಎಂದು ಕೇಳಿದಳು. ಮಾವನಿಗೆ ಅರ್ಥವಾದದ್ದು ಗಡಿಯಾರ ಮಾತ್ರ. "ಓನ್ಲಿ ತ್ರೀ ಸೆಕೆಂಡ್!" ಎಂದು ಎದೆಯುಬ್ಬಿಸಿ ಹೇಳಿದ. ಅಜ್ಜಿ ಗಾಬರಿಯಾಗಿ ಸಾಲು ಬಿಟ್ಟು ಹೋದಳು. ನಾನು ಮಾವನ ಕೈ ಹಿಡಿದು ಎಳೆದುಕೊಂಡು ಬಂದೆ.

ಇಷ್ಟೆಲ್ಲ ಆದರೂ ಅತ್ತೆ ಪಟ್ಟು ಸಡಿಲಿಸಲಿಲ್ಲ. ಕುಬುಸಕ್ಕೆ ಎರಡೇ ದಿನ ಉಳಿದಾಗ ಬಸುರಿ ಹುಡುಗಿಯೇ ಫೋನ್ ಮಾಡಿ, "ಚಿಕ್ಕವ್ವಾ, ನೀ ಬರ್ಲಿಲ್ಲಂದ್ರ ನಾ ಹಸಿರು ಬಳಿ ಇಟ್ಕೊಳ್ಳಂಗಿಲ್ಲ" ಎಂದು ಅತ್ತುಬಿಟ್ಟಳು. ಅತ್ತೆ ಹೊರಟಳು. ಆದರೆ ಷರತ್ತು ಹಾಕಿದಳು: ಆ ಪೆಟ್ಟಿಗೆ ಹಿಡಿದವನ ಪಕ್ಕ ಕೂರುವುದಿಲ್ಲ, ಅವನು ಯಾರೆಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ. ಹೀಗಾಗಿ ಮುಂಜಾನೆಯ ಬಸ್ಸಿನಲ್ಲಿ ಮುಂದೆ ಅತ್ತೆ ಮತ್ತು ನಾನು, ನಾಲ್ಕು ಸೀಟು ಹಿಂದೆ ಮಾವ ಮತ್ತು ಅವನ ಪೆಟ್ಟಿಗೆ.

"ಏನೈತ್ರಿ ಪೆಟಿಗ್ಯಾಗ?" ಕಂಡಕ್ಟರ್ ಕೇಳಿದ.

ಹಾರ್ಮೋನಿಯಂ ಅನ್ನು ಮಾವಾ, ಹೊಲಿಗೆ ಯಂತ್ರ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮಾವನಿಗೆ ಸುಳ್ಳು ಬಾರದು.

"ಪಾಯಖಾನಿ."

ಇಡೀ ಬಸ್ ತಿರುಗಿ ನೋಡಿತು. ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. "ಬಳಸಿದ್ದೋ, ಹೊಸಾದೋ?"

"ಇನ್ನೂ ಉದ್ಘಾಟನಾ ಆಗಿಲ್ರಿ."

ಅತ್ತೆ ಸೆರಗನ್ನು ಹಣೆಯಿಂದ ಗದ್ದದವರೆಗೆ ಎಳೆದುಕೊಂಡಳು. ಮುಂದೆ ಉಸಗಾಂವದಲ್ಲಿ ಹತ್ತಿ ನಮ್ಮ ಪಕ್ಕ ಕೂತ ಮುದುಕಿಯೊಬ್ಬಳು, ಎಲ್ಲರೂ ಹಿಂದೆ ನೋಡಿ ನಗುತ್ತಿದ್ದದ್ದನ್ನು ಕಂಡು, "ಆ ಹುಚ್ಚ ಯಾರವ್ವಾ?" ಎಂದು ಅತ್ತೆಯನ್ನೇ ಕೇಳಿದಳು. "ಯಾರೋ ಏನೋ," ಎಂದಳು ಅತ್ತೆ.

ಅನಮೋಡ ಘಾಟಿನ ಅರ್ಧಕ್ಕೆ ಬಂದಾಗ ಬಸ್ ನಿಂತಿತು. ಮುಂದಿನ ತಿರುವಿನಲ್ಲಿ ಲಾರಿಯೊಂದು ಮಗುಚಿ ರಸ್ತೆಗೆ ಅಡ್ಡ ಮಲಗಿತ್ತು. ಚಾಲಕನಿಗೆ ಏನೂ ಆಗಿರಲಿಲ್ಲ, ಆದರೆ ಕ್ರೇನ್ ಬರುವವರೆಗೆ ಯಾರೂ ಕದಲುವಂತಿರಲಿಲ್ಲ. ಹಿಂದೆ ಕಣ್ಣು ಹಾಯುವವರೆಗೆ ವಾಹನಗಳು. ಒಂದು ಗಂಟೆಯಾಯಿತು, ಎರಡಾಯಿತು. ಗಂಡಸರಿಗೇನು, ಇಡೀ ಸಹ್ಯಾದ್ರಿಯೇ ಅವರದು! ಇಳಿದರು, ತಿರುವಿಗೆ ಹೋದರು, ಹಗುರಾಗಿ ಸೀಟಿ ಹೊಡೆಯುತ್ತ ಬಂದರು. ಹೆಂಗಸರು ಎಲ್ಲಿಗೆ ಹೋಗಬೇಕು? ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ನೂರಾರು ಕಣ್ಣು. ಬಸ್ಸಿನಲ್ಲಿ ಹೆಂಗಸರ ಮಾತು ಮೆಲ್ಲಗೆ ನಿಂತುಹೋಯಿತು.

ಉಸಗಾಂವದ ಮುದುಕಿ ಅತ್ತೆಯ ಕೈ ಹಿಡಿದಳು. "ಯವ್ವಾ, ನಂಗ ಸಕ್ಕರಿ ರೋಗ ಐತಿ. ಇನ್ನ ತಡಕೊಳ್ಳಾಕ ಆಗೂದಿಲ್ಲ." ಮುದುಕಿಯ ಕಣ್ಣಲ್ಲಿ ನೀರಿತ್ತು.

ಅತ್ತೆ ಎದ್ದು ನಿಂತಳು. ಸೆರಗು ಸರಿಸಿ, ಹಿಂದೆ ತಿರುಗಿ, ಸಡಾದಿಂದ ಬಂದರಿಗೆ ಕೇಳುವಂಥ ದನಿಯಲ್ಲಿ ಕೂಗಿದಳು. "ರೀ! ಇಳಸ್ರಿ ಅದನ್ನ!"

"ಅವ ನಿನ್ನ ಗಂಡನ?" ಮುದುಕಿ ಅಳುವುದನ್ನು ಮರೆತು ಕೇಳಿದಳು.

ಬಸ್ಸಿನ ಹಿಂದೆ, ಬಂಡೆಯ ಮರೆಯಲ್ಲಿ ಮಾವ ಪೆಟ್ಟಿಗೆ ಇಟ್ಟ. ಮೂರು ಸೆಕೆಂಡಿನ ಯಂತ್ರ ಮೂರು ನಿಮಿಷವಾದರೂ ಬಿಚ್ಚಲಿಲ್ಲ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ತನ್ನ ಮಡಚದ ಕಾಲಿನಿಂದ ಒಂದು ಒದೆ ಕೊಟ್ಟಳು. ಖಟಕ್! ನಾಲ್ಕು ಕಾಲೂರಿ ನಿಂತಿತು. ಸೂರ್ಯ, ತೆಂಗಿನ ಮರ, ಹ್ಯಾಪಿ ಅವರ್, ಎಲ್ಲ ಅನಮೋಡ ಘಾಟಿನಲ್ಲಿ ಹರಡಿಕೊಂಡವು.

ಮುದುಕಿ ಹೋಗಿ ಬಂದಳು. ಆಮೇಲೆ ನಮ್ಮ ಬಸ್ಸಿನ ಹೆಂಗಸರು, ಆಮೇಲೆ ಹಿಂದಿನ ಬಸ್ಸಿನವರು. ಕಾರಿನಿಂದ ಕಪ್ಪು ಕನ್ನಡಕದ ಹೆಣ್ಣುಮಗಳೊಬ್ಬಳು ಇಳಿದು ಮೀನು ಮಾರುವವಳ ಹಿಂದೆ ಸಾಲಿನಲ್ಲಿ ನಿಂತಳು. ಕಂಡಕ್ಟರ್ ಅಭ್ಯಾಸಬಲದಿಂದ, "ಮುಂದ ಸರೀರಿ, ಮುಂದ ಸರೀರಿ" ಎನ್ನತೊಡಗಿದ. ಅತ್ತೆ ಗಂಡಸರನ್ನೆಲ್ಲ ಕಣಿವೆಯ ಕಡೆ ಮುಖ ಮಾಡಿಸಿ ನಿಲ್ಲಿಸಿದಳು. "ಮಾರಿ ಆ ಕಡೆ! ಕಾಡ ನೋಡ್ರಿ, ಕಾಡ ಭಾಳ ಚಲೋ ಐತಿ!" ಮಾವ ಸಾಲಿನವರಿಗೆ ಕೀಲಿನ ರಹಸ್ಯ ವಿವರಿಸಲು ಹೊರಟ. "ನೀವು ಸುಮ್ನ ಆ ಕೋಲ ಹಿಡ್ಕೊಂಡ ನಿಂದರ್ರಿ," ಎಂದಳು ಅತ್ತೆ. ಗಾಳಿಗೆ ಪರದೆ ಹಾರದಂತೆ ಮಾವ ಕೋಲು ಹಿಡಿದು, ಬಂಡೆಯ ಕಡೆ ಮುಖ ಮಾಡಿ ನಿಂತ.

ಎಲ್ಲರೂ ಮುಗಿಸಿದ ಮೇಲೆ ಅತ್ತೆ ಆಚೆ ಈಚೆ ನೋಡಿ, ಪರದೆ ಸರಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಮೆಲ್ಲಗೆ ದನಿ ಬಂತು.

"ರೀ."

"ಏನ?"

"ಒಂಚೂರೂ ಅಲ್ಲಾಡವಲ್ದು."

ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಆ ಯಂತ್ರದ ಪುರಾಣ ಹೇಳುತ್ತಿದ್ದ ಮನುಷ್ಯ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಕ್ರೇನ್ ಬಂತು. ಚೀಲಕ್ಕೆ ಬಿಗಿಯಾಗಿ ಗಂಟು ಹಾಕಿ, ಯಂತ್ರ ಮಡಚಿ, ಮಧ್ಯಾಹ್ನ ದಾಟಿದ ಮೇಲೆ ಮತ್ತೆ ಹೊರಟೆವು. ಕುಬುಸ ಮರುದಿನವಾದ್ದರಿಂದ ಹೊತ್ತೇನೂ ಮೀರಿರಲಿಲ್ಲ. ಅತ್ತೆ ಹೋಗಿ ಮಾವನ ಪಕ್ಕದಲ್ಲೇ ಕೂತಳು. ನಾನು ಅವರ ಹಿಂದಿನ ಸೀಟಿಗೆ ಬಂದೆ. ಬಿಸಿಲು ಜೋರಾಗಿತ್ತು. ಅತ್ತೆ ಕೈಚಾಚಿ ಮಾವನ ನೀರಿನ ಬಾಟ್ಲಿ ತೆಗೆದುಕೊಂಡಳು. ತಲೆ ಎತ್ತಿ, ಕಣ್ಣು ಮುಚ್ಚಿ, ಗಟಗಟನೆ ಕುಡಿದಳು. ಅರ್ಧ ಬಾಟ್ಲಿ, ಮುಕ್ಕಾಲು ಬಾಟ್ಲಿ, ಪೂರ್ತಿ.

ನನಗೆ ಆಗ ಹೊಳೆಯಿತು. ಅತ್ತೆಯ ಮೊಣಕಾಲು ಕೈಕೊಡುವ ಮೊದಲು ಅವಳ ಜೊತೆ ಎಷ್ಟೋ ಸಲ ಊರಿಗೆ ಹೋಗಿ ಬಂದಿದ್ದೇನೆ, ಆದರೆ ಬಸ್ಸಿನಲ್ಲಿ ಅವಳು ಒಂದು ಗುಟುಕು ನೀರು ಕುಡಿದದ್ದನ್ನು ಈವರೆಗೆ ಕಂಡಿರಲಿಲ್ಲ. ಮಾವನಿಗೂ ಅದು ಹೊಳೆದಿರಬೇಕು. ಖಾಲಿ ಬಾಟ್ಲಿಯನ್ನೇ ನೋಡುತ್ತ ಕೂತಿದ್ದ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು. "ಇನ್ನೊಂದು ಐತೇನ್ರಿ?"