ನನ್ನ ಇ-ರೀಡರ್‌ಗೆ ಕನ್ನಡ ಬರಲ್ಲ

ಯಂತ್ರಗಳಿಗೂ ನನಗೂ ಆಗಿಬರುವುದಿಲ್ಲ. ಮಿಕ್ಸಿ, ಗೀಸರ್, ಶಾಲೆಯ ಪ್ರೊಜೆಕ್ಟರ್, ಎಲ್ಲವೂ ನನ್ನ ಕೈಗೆ ಬಂದಾಗಲೇ ಮುನಿಸಿಕೊಳ್ಳುತ್ತವೆ. ಆದರೆ ಇ-ರೀಡರ್ ಸತಾಯಿಸಿದಷ್ಟು ಬೇರೆ ಯಾವುದೂ ಸತಾಯಿಸಿಲ್ಲ.

ನಾನು ಕಡೂರಿನಿಂದ ಅಜ್ಜಂಪುರಕ್ಕೆ ದಿನಾ ರೈಲಲ್ಲಿ ಹೋಗಿಬರುವ ಹೈಸ್ಕೂಲು ಕನ್ನಡ ಟೀಚರು. ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಕಾಣದೆ, ಕಾದಂಬರಿ ಮುಟ್ಟಿ ನಾಲ್ಕು ತಿಂಗಳಾಗಿತ್ತು. ಓದಲಾಗದ ಸಿಟ್ಟನ್ನೆಲ್ಲ ಮನೆಯವರ ಮೇಲೆ ತೀರಿಸಿಕೊಳ್ಳುತ್ತಿದ್ದೆ. ತಡೆಯಲಾರದೆ ಯಜಮಾನರು, "ಇದರಲ್ಲಿ ಅಕ್ಷರ ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಕೋಬಹುದಂತೆ" ಎಂದು ಪುಸ್ತಕ ಓದಲೆಂದೇ ಇರುವ ಆ ಯಂತ್ರವನ್ನು ತರಿಸಿಕೊಟ್ಟರು.

ಚೌಕಗಳು

ಮೊದಲ ಕನ್ನಡ ಪುಸ್ತಕ ತೆರೆದರೆ ಒಂದೂ ಅಕ್ಷರವಿಲ್ಲ. ಪುಟದ ತುಂಬ ಸಾಲು ಸಾಲು ಖಾಲಿ ಚೌಕ. ದೊಡ್ಡದು ಮಾಡಿದೆ. ಚೌಕಗಳೇ ದೊಡ್ಡವಾದವು. ಇಣುಕಿ ನೋಡಿದ ನಮ್ಮ ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ಗಮನವಿಟ್ಟು ನೋಡಿ, "ಪದಬಂಧ ಬಾಳ ದೊಡ್ಡದಿದೆ ಕಣೇ. ಸುಳಿವು ಎಲ್ಲಿ ಕೊಟ್ಟವ್ರೆ?" ಅಂದರು.

ಸಹಾಯವಾಣಿ

ಪಿಡಿಎಫ್ ಹಾಕಿ ನೋಡಿದೆ. ಇಡೀ ಪುಟ ಅಂಗೈಯಗಲಕ್ಕೆ ಕುಗ್ಗಿ ಇರುವೆ ಸಾಲಿನ ಹಾಗೆ ಕಂಡಿತು. ಸಹಾಯವಾಣಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು.

"ನಿಮ್ಮ ಪುಸ್ತಕ ಯಾವ ಫಾರ್ಮ್ಯಾಟ್ ಮೇಡಂ?"

"ಕಾದಂಬರಿ ಕಣಮ್ಮ."

ಟಕಟಕ ಏನೋ ಟೈಪ್ ಮಾಡಿ ಹುಡುಕಿದಳು. "ಸಾರಿ ಮೇಡಂ, ಕಾದಂಬರಿ ನಮ್ಮ ಡಿವೈಸಲ್ಲಿ ಸಪೋರ್ಟ್ ಆಗಲ್ಲ."

ಎಲ್ಲವೂ ಕೆಟ್ಟಿದೆ

ತರೀಕೆರೆಯ ತಂಗಿ ಮನೆಗೆ ಹೋದಾಗ ಅಲ್ಲಿನ ಮೊಬೈಲ್ ರಿಪೇರಿಯವರಿಗೆ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಿಮ್ ಹಾಕಕ್ಕೆ ಜಾಗ ಇಲ್ಲ. ಕ್ಯಾಮೆರಾ ಇಲ್ಲ. ಬಣ್ಣನೂ ಹೋಗ್ಬಿಟ್ಟಿದೆ. ಎಲ್ಲಾ ಕೆಟ್ಟೋಗಿದೆ ಕಣ್ರೀ ಇದು."

"ಅಯ್ಯೋ, ಅವೆಲ್ಲ ಇರೋದೇ ಇಲ್ಲಪ್ಪ. ಇದು ಓದಕ್ಕೆ ಮಾತ್ರ. ಅದೇ ಆಗ್ತಿಲ್ಲ."

"ಓಹೋ," ಎಂದು ಅವರು ನೆಮ್ಮದಿಯಾಗಿ ಉಸಿರುಬಿಟ್ಟರು. "ಹಂಗಾದ್ರೆ ಒಂದೇ ಒಂದು ಕೆಟ್ಟಿರೋದು!"

ರೈಲಿನ ಪಾಠ

ಆ ರಿಪೇರಿ ಪುಣ್ಯಾತ್ಮ ಸಂಜೆಯೊಳಗೆ ಏನೋ ಮಾಡಿ ಅಕ್ಷರ ಬರಿಸಿಕೊಟ್ಟರು. ದಪ್ಪ ದಪ್ಪ ಕನ್ನಡ ಅಕ್ಷರ ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು. ಆದರೆ ಮೊದಲ ಪುಟಕ್ಕೇ ನಿಂತುಹೋಯಿತು. ಒತ್ತಿದರೂ ಇಲ್ಲ, ತಟ್ಟಿದರೂ ಇಲ್ಲ. ಸ್ವಿಚ್ ಆರಿಸಿದರೂ ಆ ಪುಟ ಪರದೆ ಬಿಟ್ಟು ಹೋಗದು. ಇವತ್ತಾದರೂ ತಿರುಗೀತು ಎಂಬ ಆಸೆಗೆ ದಿನಾ ರೈಲಲ್ಲಿ ಮುಂದಿಟ್ಟುಕೊಂಡು ಕೂರುತ್ತಿದ್ದೆ.

ಬೀರೂರಲ್ಲಿ ಹತ್ತುವ ಒಬ್ಬ ಹೂವಿನ ಅಜ್ಜಿ ಎದುರಿಗೇ ಕೂತು ಹೂ ಕಟ್ಟುತ್ತಿದ್ದರು. ಎಂಟನೇ ದಿನ ಎದ್ದು ಬಂದು ನನ್ನ ಪಕ್ಕ ಕೂತರು.

"ಬೇಜಾರು ಮಾಡ್ಕೋಬ್ಯಾಡ ಕಣವ್ವ. ಎಂಟು ದಿನದಿಂದ ಅದೊಂದೇ ಹಾಳೆ ನೋಡ್ತಾ ಕೂತಿದ್ದೀಯ. ಓದಕ್ಕೆ ಬರಲ್ವಾ?"

ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು ನಾನು, ತಲೆ ತಗ್ಗಿಸಿ ಪುಟವನ್ನು ಮತ್ತೊಮ್ಮೆ ತಟ್ಟಿದೆ. ಅದನ್ನು ಅವರು ನಾಚಿಕೆ ಅಂದುಕೊಂಡರು.

"ನಾನೂ ಮುದುಕಿ ಆದ್ಮೇಲೆ ಮೊಮ್ಮಗಳ ಹತ್ರ ಕಲ್ತಿದ್ದು. ಬೆರಳಿಟ್ಟು ಹೇಳು. 'ಬೆ', 'ಳ', 'ಗಾ'…"

ಅವರ ಮುಖದ ಉತ್ಸಾಹ ನೋಡಿ ನಿಜ ಹೇಳಲು ಮನಸ್ಸಾಗಲಿಲ್ಲ. ಬೆರಳಿಟ್ಟು ಹೇಳಿದೆ. ಅಜ್ಜಂಪುರ ಬರುವಷ್ಟರಲ್ಲಿ ಪುಟ ಮುಗಿಯಿತು. ಬೋಗಿಯವರೆಲ್ಲ "ಶಭಾಷ್" ಅಂದರು. ಅಜ್ಜಿ ಒಂದು ಮೊಳ ಕನಕಾಂಬರ ಮುಡಿಸಿದರು.

ಇಳಿದರೆ ಎದುರಿಗೇ ನಮ್ಮ ಹೆಡ್‌ಮಾಸ್ಟರು, "ನಮಸ್ಕಾರ ಮೇಡಂ" ಎನ್ನುತ್ತ ಬಂದರು. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಅವರನ್ನು ಕೂಗಿದರು:

"ಸ್ವಾಮೀ, ನೀವು ಓದಿದೋರ ಹಂಗೆ ಕಾಣ್ತೀರಾ. ಈಯಮ್ಮನ್ನ ಯಾವುದಾದ್ರೂ ಇಸ್ಕೂಲಿಗೆ ಸೇರ್ಸಿ. ಬುದ್ಧಿ ಚುರುಕಾಗಿದೆ!"