ರೋಮನ್ ಕೋಟೆಯ ಮಣ್ಣನ್ನು ಟೊಮಾಟೊ ಸಹಿತ ಹಿಂದಿರುಗಿಸುವ ಬಗ್ಗೆ

ಹುಗಿದುಹೋದ ಸ್ಥಳಗಳ ಇಲಾಖೆ
ಆದೋನಿ ಉಪಕಚೇರಿ, ಹತ್ತಿ ಗೋದಾಮಿನ ಮಹಡಿ

ಸುತ್ತೋಲೆ ಸಂಖ್ಯೆ: ಹುಸ್ಥಇ/ರೋಮ್/ಕುರಿ/07/2025-26

ವಿಷಯ: ಪತ್ತಿಕೊಂಡ ಊರಿಗೆ ಹೋಗುವ ರಸ್ತೆಯ ದಿಬ್ಬದಲ್ಲಿ ಪತ್ತೆಯಾದ ರೋಮನ್ ಸೇನಾ ಕೋಟೆಯಿಂದ ಹೊರಹೋಗಿರುವ ಮಣ್ಣು, ಸದರಿ ಮಣ್ಣಿನಲ್ಲಿ ಬೆಳೆದ ಟೊಮಾಟೊ ಹಾಗೂ ಕುರಿಗಳ ವರ್ತನೆ ಕುರಿತು.

ಉಲ್ಲೇಖ: 1. ಇದೇ ಕಚೇರಿಯ ಹಿಂದಿನ ಸುತ್ತೋಲೆ. ಗೋಡೆಗೆ ಅಂಟಿಸಿದ್ದ ಪ್ರತಿಯನ್ನು ಕುರಿ ತಿಂದಿರುವುದರಿಂದ ಲಭ್ಯವಿಲ್ಲ.
2. ಕುರಿ ಸಾಕುವ ಶ್ರೀಮತಿ ಗಾದಿಲಿಂಗಮ್ಮ ಇವರ ಬಾಯಿಮಾತಿನ ತಕರಾರು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ದಿಬ್ಬದ ಮೇಲಿರುವ ಗಾದಿಲಿಂಗಮ್ಮನವರ ಕುರಿದೊಡ್ಡಿಯ ಕಲ್ಲುಗೋಡೆ ಆಯತಾಕಾರವಾಗಿದ್ದು, ಮೂಲೆಗಳು ದುಂಡಗಿದ್ದು, ಎದುರುಬದುರು ಎರಡು ಬಾಗಿಲು ಹೊಂದಿರುವುದರಿಂದ ಅದು ರೋಮನ್ ಸೇನಾ ಕೋಟೆಯೇ ಎಂದು ತೀರ್ಮಾನಿಸಲಾಗಿದೆ. ಅಲ್ಲಿ ಸಿಕ್ಕ ಸವೆದ ನಾಣ್ಯದ ಮೇಲಿನ ಮುಖ ನಮ್ಮ ಕಡೆಯವರದ್ದಲ್ಲವೆಂದು ಸಿಬ್ಬಂದಿಯೆಲ್ಲ ಸರದಿಯಂತೆ ನೋಡಿ ಖಚಿತಪಡಿಸಿರುತ್ತಾರೆ. ಅಂದಿನಿಂದ ಒಳಗೆ ಕುರಿ ಬಿಡುವುದನ್ನು ನಿಷೇಧಿಸಲಾಗಿದೆ.

ಕೋಟೆಯನ್ನು ಹುಗಿದಿದ್ದ ಪದರಗಳು ತಲೆಮಾರುಗಳಿಂದ ಅಲ್ಲಿ ಮಲಗಿದ ಕುರಿಗಳ ಹಿಕ್ಕೆಯೆಂದು ತಿಳಿದುಬಂದಿದೆ. ಇಲಾಖೆಯ ಉತ್ಖನನದಲ್ಲಿ ಅಗೆದು ರಾಶಿ ಹಾಕಿದ್ದ ಈ ಮಣ್ಣನ್ನು ಗ್ರಾಮಸ್ಥರು ಒಳ್ಳೆಯ ಗೊಬ್ಬರವೆಂದು ತಿಳಿದು ಹೊಲಗಳಿಗೆ ಹೊಡೆದುಕೊಂಡಿರುತ್ತಾರೆ. ರಾಶಿ ಇದ್ದ ಜಾಗ ಬರಿದಾದದ್ದನ್ನು ಕಂಡು ಇಲಾಖೆಗೆ ಬಹಳ ನೋವಾಗಿದೆ. ಆದುದರಿಂದ ಸಂಬಂಧಪಟ್ಟವರೆಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು.

1. ಸದರಿ ಮಣ್ಣು ಪ್ರಾಚ್ಯವಸ್ತುವಾಗಿರುತ್ತದೆ. ಅದನ್ನು ಗೊಬ್ಬರವೆಂದು ಕರೆಯತಕ್ಕದ್ದಲ್ಲ. ಮೂಗು ಮುಚ್ಚಿಕೊಳ್ಳುವವರು ಗೌರವಪೂರ್ವಕವಾಗಿ ಮುಚ್ಚಿಕೊಳ್ಳುವುದು.

2. ಮಣ್ಣು ಒಯ್ದವರು ಕೆಳಗಿನದು ಕೆಳಗೆ, ಮೇಲಿನದು ಮೇಲೆ ಬರುವಂತೆ ಪದರದ ಕ್ರಮದಲ್ಲಿಯೇ ಹಿಂದಿರುಗಿಸತಕ್ಕದ್ದು. ಚಪ್ಪಲಿಗೆ ಅಂಟಿಕೊಂಡು ಮಂತ್ರಾಲಯಕ್ಕೆ ಹೋಗಿರುವ ಮಣ್ಣಿನ ಬಗ್ಗೆ, ಅಲ್ಲಿ ಚಪ್ಪಲಿ ಬಿಡುವ ಸ್ಥಳದಲ್ಲಿ ಒಬ್ಬ ಸಹಾಯಕರನ್ನು ಕುಳ್ಳಿರಿಸಲಾಗಿದೆ. ಅವರ ಚಪ್ಪಲಿಯೇ ಕಾಣೆಯಾಗಿರುವುದು ಬೇರೆ ವಿಷಯ.

3. ಗಾದಿಲಿಂಗಮ್ಮನವರ ಹೊಲದಲ್ಲಿ ಮಣ್ಣು ಈಗಾಗಲೇ ಟೊಮಾಟೊ ಆಗಿ ಪರಿವರ್ತನೆ ಹೊಂದಿರುತ್ತದೆ. ಹಣ್ಣು ಕೀಳುವುದು ಉತ್ಖನನವೇ ಆದುದರಿಂದ ಪರವಾನಗಿ ಇಲ್ಲದೆ ಕೀಳತಕ್ಕದ್ದಲ್ಲ. ಪ್ರತಿ ಹಣ್ಣಿನ ಧೂಳನ್ನು ಬ್ರಷ್‌ನಿಂದ ತೆಗೆದು, ಕ್ರಮಸಂಖ್ಯೆ ಬರೆದು, ಉತ್ತರ ದಿಕ್ಕು ತೋರಿಸುವ ಬಾಣದೊಂದಿಗೆ ಫೋಟೊ ತೆಗೆಯತಕ್ಕದ್ದು. ಅಷ್ಟರೊಳಗೆ ಹಣ್ಣು ಕೊಳೆತಲ್ಲಿ, ಕೊಳೆತ ಸ್ಥಿತಿಯಲ್ಲಿಯೇ ಸಂರಕ್ಷಿಸುವುದು. ಪರೀಕ್ಷೆಗೆಂದು ತರಿಸಿದ ಬುಟ್ಟಿಯು ಸಿಬ್ಬಂದಿಯ ಮಧ್ಯಾಹ್ನದ ಸಾರಿನಲ್ಲಿ ವಿಲೇವಾರಿಯಾಗಿದ್ದು, ಹುಳಿ ರೋಮನ್ ಮಾದರಿಯದೆಂದು ವರದಿ ಬಂದಿದೆ.

4. ಸ್ಥಳದ ಫಲಕವು ತೆಲುಗು, ಕನ್ನಡ ಮತ್ತು ಲ್ಯಾಟಿನ್ ಭಾಷೆಗಳಲ್ಲಿರತಕ್ಕದ್ದು. ಲ್ಯಾಟಿನ್ ಬಲ್ಲವರು ಯಾರಾದರೂ ಗಡಿಯ ಮಾಧವರಂ ಸೇತುವೆ ದಾಟಿ ಬರುವವರೆಗೆ ಆ ಜಾಗಕ್ಕೆ ಸುಣ್ಣ ಬಳಿದಿಡುವುದು.

5. ಗಾದಿಲಿಂಗಮ್ಮನವರ ತಕರಾರನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಇದು ನಮ್ಮ ಮಾವ ಸುಂಕಪ್ಪ ಕಟ್ಟಿದ ದೊಡ್ಡಿ ಐತ್ರಿ ಸಾರ್. ರೋಮಿನೋರು ಯಾವ ಊರೋರೋ ನನಗ ಗೊತ್ತಿಲ್ಲ. ಕುರಿ ಬಯಲಾಗ ಮಲಗ್ತಾವು, ಮೊನ್ನಿ ತೋಳ ಬಂದು ಮರಿ ಒಯ್ದೈತಿ. ಇನ್ನೊಂದು ಹೋಗೂಕಿಂತ ಮೊದ್ಲ ಬಾಗಲಾ ತೆಗೀರಿ." ದಿವಂಗತ ಸುಂಕಪ್ಪನವರು ರೋಮನ್ ಸೇನಾಧಿಪತಿ ಆಗಿದ್ದರೇ ಎಂಬುದನ್ನು ರೇಷನ್ ಕಾರ್ಡಿನ ಆಧಾರದ ಮೇಲೆ ಪರಿಶೀಲಿಸಲಾಗುತ್ತಿದೆ. ತೋಳವು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

6. ಮಣ್ಣು ಈಗ ಯಾವುದೇ ರೂಪದಲ್ಲಿರಲಿ, ಯಾವುದೇ ವಾಹನದಲ್ಲಿ ಬರಲಿ, ಹಿಂದಿರುಗಿಸಲು ತಂದವರನ್ನು ಕಾವಲುಗಾರರು ತಡೆಯತಕ್ಕದ್ದಲ್ಲ. ಕೋಟೆಯ ತುಂಬ ಸಮನಾಗಿ ಹರಡುವವರೆಗೆ ಒಳಗೆ ಇರಗೊಡತಕ್ಕದ್ದು.

7. ಈ ಸುತ್ತೋಲೆಯ ಕರಡನ್ನು ಸಹಿಗೆ ಮೊದಲು ಕಾವಲುಗಾರ ಜಗದೀಶ ಇವರು ಊರಕಟ್ಟೆಯಲ್ಲಿ ಓದಿ ಹೇಳಿದ್ದು, ಗಾದಿಲಿಂಗಮ್ಮನವರು ಕಲಂ 6ನ್ನು ಮತ್ತೊಮ್ಮೆ ಓದಿಸಿಕೊಂಡರೆಂದು ತಿಳಿದುಬಂದಿದೆ. ಆ ಬಳಿಕ ಸದರಿಯವರು ತಮ್ಮ ಕುರಿಗಳನ್ನೆಲ್ಲ ತಮ್ಮದೇ ಟೊಮಾಟೊ ಹೊಲಕ್ಕೆ ನುಗ್ಗಿಸಿ, ಗಿಡದಲ್ಲಿ ಒಂದು ಹಣ್ಣೂ ಉಳಿಯದಂತೆ ಮೇಯಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಸಂಜೆಗೆ ಕೋಟೆಯ ದಕ್ಷಿಣ ದ್ವಾರಕ್ಕೆ ಹೊಡೆದುಕೊಂಡು ಬಂದು, ಈ ಕೆಳಗಿನಂತೆ ಹೇಳಿಕೆ ನೀಡಿರುತ್ತಾರೆ: "ಯಪ್ಪಾ ಜಗದೀಶ, ನಿಮ್ಮ ಮಣ್ಣು ತಂದೀನಿ. ಕುರಿ ಹೊಟ್ಟ್ಯಾಗ ಐತಿ. ಹೊತ್ತು ಮೂಡೂದ್ರಾಗ ಹಾಕ್ತಾವು. ಬಾಗಲಾ ತೆಗಿ, ರಶೀದಿ ಕೊಡು." ಜಗದೀಶ ಇವರು ಕಲಂ 6ರಂತೆ ಬಾಗಿಲು ತೆಗೆದಿದ್ದು, ಅವರ ಮೇಲೆ ಕ್ರಮ ಕೈಗೊಳ್ಳಲು ಕಾರಣ ಹುಡುಕಿ ಸಿಕ್ಕಿರುವುದಿಲ್ಲ.

8. ಮರುದಿನ ನಡೆಸಿದ ಸ್ಥಳ ಪರಿಶೀಲನೆಯಲ್ಲಿ ಪ್ರಾಚ್ಯವಸ್ತು ಕೋಟೆಯ ತುಂಬ ಸಮನಾಗಿ ಹರಡಿರುವುದು ಕಂಡುಬಂದಿದೆ. ಪರಿಶೀಲಿಸಿದ ಅಧಿಕಾರಿಯು ಕಾಲು ಜಾರಿ ಬಿದ್ದು ಅದನ್ನು ಖುದ್ದಾಗಿ ದೃಢಪಡಿಸಿರುತ್ತಾರೆ. ಇಲಾಖೆಯ ಇತಿಹಾಸದಲ್ಲಿ ಕಳೆದುಹೋದ ವಸ್ತುವೊಂದು ಮರಳಿ ಬಂದದ್ದು ಇದೇ ಮೊದಲು. ಮಿಕ್ಕ ಮಣ್ಣು ಇನ್ನೂ ಬೇರೆಯವರ ಹೊಲಗಳಲ್ಲಿಯೇ ಇರುವುದರಿಂದ, ಸದರಿ ಕುರಿಗಳು ಹಗಲು ಆ ಹೊಲಗಳ ಕೂಳೆ ಮೇಯ್ದು, ಪ್ರತಿ ಸಂಜೆ ತಪ್ಪದೆ ಕೋಟೆಗೆ ಹಾಜರಾಗಿ, ಬೆಳಗಿನವರೆಗೆ ಒಳಗೇ ಇರತಕ್ಕದ್ದು. ಕೋಟೆ ಪೂರ್ತಿಯಾಗಿ ಹುಗಿದುಹೋಗುವವರೆಗೆ ಈ ಆದೇಶ ಜಾರಿಯಲ್ಲಿರುತ್ತದೆ. ದಾಖಲೆಗಳಲ್ಲಿ ಅವುಗಳನ್ನು ಕುರಿ ಎಂದು ಬರೆಯದೆ ಕೋಟೆಯ ಕಾವಲು ಪಡೆ ಎಂದು ನಮೂದಿಸತಕ್ಕದ್ದು. ಮರಿಗಳು ತರಬೇತಿಯಲ್ಲಿರುವವರು.

9. ಉತ್ಖನನವನ್ನು ಯಶಸ್ವಿಯಾಗಿ ಮುಚ್ಚಲಾಗಿದೆ.

ಸಹಿ/-
ಲಕ್ಷ್ಮಿಕಾಂತ್
ಪ್ರಭಾರ ಉಪನಿರ್ದೇಶಕರು, ರೋಮ್ ಮತ್ತು ಸುತ್ತಲಿನ ಗ್ರಾಮಗಳು
(ಪ್ಯಾಂಟನ್ನು ಜೇಬಿನಲ್ಲಿದ್ದುದರ ಸಮೇತ ಒಗೆಯಲು ಹಾಕಿರುವುದರಿಂದ ಕಚೇರಿ ಮೊಹರು ಲಭ್ಯವಿಲ್ಲ)

ಪ್ರತಿಗಳು:
1. ಕಾವಲುಗಾರ ಜಗದೀಶ ಇವರಿಗೆ. ಇನ್ನು ಮುಂದೆ ಕರಡು ಓದಕೂಡದೆಂಬ ಸೂಚನೆಯೊಂದಿಗೆ.
2. ಮಂತ್ರಾಲಯದ ಚಪ್ಪಲಿ ಸಹಾಯಕರಿಗೆ. ಬರಿಗಾಲಿನಲ್ಲಾದರೂ ಸರಿ, ಮರಳಿ ಬರುವುದು.
3. ಶ್ರೀಮತಿ ಗಾದಿಲಿಂಗಮ್ಮ ಇವರಿಗೆ. ಕೇಳಿದ ರಶೀದಿಯನ್ನು ಲಗತ್ತಿಸಿದೆ. ಕುರಿಗೆ ಸಿಗದಂತೆ ಇಟ್ಟುಕೊಳ್ಳುವುದು.
4. ತೋಳಕ್ಕೆ. ಕೋಟೆಗೆ ಸೈನ್ಯ ಮರಳಿ ಬಂದಿರುವ ವಿಷಯ ತಿಳಿವಳಿಕೆಗಾಗಿ.